ಇಂಗ್ಲೆಂಡಿನ ವಂಶಾವಳಿ: 1837ರ ಆಚೆ, ಈಚೆ

ಇಂಗ್ಲಿಷ್ ಕುಟುಂಬವೊಂದರ ಮೂಲ ಹುಡುಕುವಾಗ ಇಂದಿನ ತಲೆಮಾರಿನಿಂದ ಹಿಂದಕ್ಕೇ ನಡೆಯಬೇಕು. ಹಳೆಯ ಪ್ರಸಿದ್ಧನೊಬ್ಬನನ್ನು ಹಿಡಿದು ಕೆಳಗಿಳಿಯಲು ಹೊರಟರೆ ಅದೇ ಹೆಸರಿನ ಬೇರೆ ಯಾರದೋ ಮನೆ ಸೇರುತ್ತೀರಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ನನ್ನ ಮಟ್ಟಿಗೆ ಮದುವೆಯ ಪ್ರಮಾಣಪತ್ರವೇ ಎಲ್ಲಕ್ಕಿಂತ ಅಮೂಲ್ಯ: ವಧೂವರರಿಬ್ಬರ ತಂದೆಯರ ಹೆಸರು, ಕಸುಬು ಅದರಲ್ಲಿರುತ್ತವೆ. ಅವನ್ನು ಜನಗಣತಿಯೊಂದಿಗೆ ತಾಳೆ ನೋಡಿ. 1851ರಿಂದ ಹುಟ್ಟಿದ ಊರು, ಯಜಮಾನನೊಂದಿಗಿನ ಸಂಬಂಧ ಎರಡೂ ಸಿಗುತ್ತವೆ. 1841ರ ಗಣತಿಯಲ್ಲಿ ಸಂಬಂಧದ ಕಾಲಮ್ಮೇ ಇಲ್ಲ. ಮನೆಯಲ್ಲಿರುವ ಮಗು ತಮ್ಮನ ಮಗುವೂ ಆಗಿರಬಹುದು. 15 ದಾಟಿದವರ ವಯಸ್ಸನ್ನೂ ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 29ರವನು 25 ಆಗಿರುತ್ತಾನೆ. (1931ರ ಗಣತಿಯನ್ನು ಹುಡುಕಬೇಡಿ, 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1939ರಲ್ಲಿ ಮಾಡಿದ ನಿವಾಸಿಗಳ ಪಟ್ಟಿಯಾದ 1939ರ ರಿಜಿಸ್ಟರ್ ನೋಡಿ.)

1837ಕ್ಕಿಂತ ಹಿಂದೆ ಪ್ಯಾರಿಷ್ ಚರ್ಚಿನ, ಅಂದರೆ ಆಯಾ ಊರಿನ ಚರ್ಚಿನ, ಪುಸ್ತಕಗಳೇ ಗತಿ. ಅವನ್ನು ಇಡಬೇಕೆಂಬ ಆಜ್ಞೆ 1538ರದು, ಆದರೆ ಅಷ್ಟು ಹಳೆಯವು ಎಲ್ಲೆಡೆ ಉಳಿದಿಲ್ಲ. ದೀಕ್ಷಾಸ್ನಾನದ (ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿಯ) ದಾಖಲೆಗೆ ಮುದ್ರಿತ ನಮೂನೆ ಬಂದದ್ದು 1813ರಲ್ಲಿ. ತಂದೆಯ ಕಸುಬಿಗೆ ಅದರಲ್ಲಿ ಜಾಗವಿದೆ. ಅದಕ್ಕೂ ಮೊದಲು ಹಲವೆಡೆ ಬರೀ ಹೆಸರುಗಳು. ನಿಮಗೆ ಬೇಕಾದ ಜಾನ್ ಸಿಕ್ಕನೆಂದು ಹಿಗ್ಗುವ ಮೊದಲು ಸಮಾಧಿ ದಾಖಲೆಯನ್ನು ತಪ್ಪದೆ ತೆರೆಯಿರಿ. ಆ ಮಗು ಶೈಶವದಲ್ಲೇ ತೀರಿಕೊಂಡಿದ್ದರೆ ನಿಮ್ಮ ಮರದ ಇಡೀ ಕೊಂಬೆಯೇ ಸುಳ್ಳು.

ತಾರೀಖಿನಲ್ಲೂ ಒಂದು ತೊಡಕಿದೆ. 1752ಕ್ಕೆ ಮೊದಲು ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಪುಸ್ತಕದಲ್ಲಿ 1720ರ ಫೆಬ್ರವರಿ ಬರುವುದು 1720ರ ನವೆಂಬರ್ ಆದಮೇಲೆ; ಅದನ್ನು 1720/21 ಎಂದು ಗುರುತಿಸಿಕೊಳ್ಳಿ.