ದಬ್ಬಾಳಿಕೆ ಯಾರ ಮೇಲೆ, ಸರ್ವಾಧಿಕಾರ ಯಾರದು?

ಸರ್ಕಾರದ ಮೇಲೆ ಸಿಟ್ಟು ಬಂದಾಗ ಕೈಗೆ ಸಿಕ್ಕ ಪದವನ್ನು ಎಸೆಯುವುದು ಸುಲಭ. ದಬ್ಬಾಳಿಕೆ, ಸರ್ವಾಧಿಕಾರ, ನಿರಂಕುಶ ಪ್ರಭುತ್ವ, ತುಘಲಕ್ ದರ್ಬಾರು ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಸುರಿದುಬಿಡುತ್ತಾರೆ. ಆದರೆ ಅವು ನಾಲ್ಕು ಬೇರೆ ಬೇರೆ ದೂರುಗಳು.

ದಬ್ಬಾಳಿಕೆಗೆ ‘ಮೇಲೆ’ ಬೇಕು: ರೈತರ ಮೇಲೆ ದಬ್ಬಾಳಿಕೆ, ಸೊಸೆಯ ಮೇಲೆ ದಬ್ಬಾಳಿಕೆ. ಅನುಭವಿಸಿದವರು ಯಾರೆಂದು ಹೇಳದಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ನಡೆಸುವವರು ರಾಜರೇ ಆಗಬೇಕಿಲ್ಲ. ನಾವೇ ಓಟು ಹಾಕಿ ಕೂರಿಸಿದ ಸರ್ಕಾರವೂ ನಡೆಸಬಹುದು, ಅತ್ತೆಯೂ ನಡೆಸಬಹುದು. ‘ರೈತರ ಮೇಲೆ ಸರ್ವಾಧಿಕಾರ’ ಎಂದು ನೋಡಿ, ಕಿವಿಗೆ ಒಗ್ಗುವುದಿಲ್ಲ. ಅಧಿಕಾರವೆಲ್ಲ ಯಾರ ಕೈಯಲ್ಲಿ ಸೇರಿಕೊಂಡಿದೆ ಎಂಬುದಷ್ಟೇ ಆ ಪದದ ಚಿಂತೆ.

ಹಾಗೆ ನೋಡಿದರೆ ‘ಸರ್ವಾಧಿಕಾರಿ’ ಮೊದಲಿಗೆ ಬೈಗುಳವೇ ಅಲ್ಲ. ಹೊಯ್ಸಳರ ಶಾಸನಗಳಲ್ಲಿ ಮಹಾಪ್ರಧಾನ, ದಂಡನಾಯಕರ ಸಾಲಿನಲ್ಲೇ ಬರುವ ಗೌರವದ ಹುದ್ದೆ ಅದು. 18ನೇ ಶತಮಾನದ ಮೈಸೂರಿನಲ್ಲಿ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿ. ಸಿಂಹಾಸನದ ಮೇಲೆ ಒಡೆಯರು, ಆಡಳಿತ ಇವರ ಕೈಯಲ್ಲಿ. ರೋಮಿನ ಡಿಕ್ಟೇಟರ್ ಕೂಡ ಮೂಲತಃ ಆಪತ್ತಿನ ಕಾಲಕ್ಕೆ ನೇಮಕವಾಗುತ್ತಿದ್ದ ಅಧಿಕಾರಿ, 6 ತಿಂಗಳ ಮಿತಿಯವನು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಆ ಹುದ್ದೆಯನ್ನು ಬದುಕಿರುವಷ್ಟು ಕಾಲಕ್ಕೂ ಪಡೆದ. ಮುಸೊಲಿನಿ, ಹಿಟ್ಲರರ ಕಾಲಕ್ಕೆ ಎರಡೂ ಪದಗಳಿಗೆ ಒಟ್ಟಿಗೇ ಮಸಿ ಬಳಿಯಿತು. ಆದ್ದರಿಂದ ಹಳೆಯ ಶಾಸನದಲ್ಲಿ ಸರ್ವಾಧಿಕಾರಿ ಕಂಡೊಡನೆ ಕ್ರೂರಿಯೊಬ್ಬನನ್ನು ಊಹಿಸಿಕೊಳ್ಳಬೇಡಿ.

‘ನಿರಂಕುಶ’ ನನ್ನ ಮಟ್ಟಿಗೆ ಇವುಗಳಲ್ಲೇ ಅತಿ ನಿಖರವಾದದ್ದು. ಅಂಕುಶ ಎಂದರೆ ಮಾವುತನ ಕೈಯಲ್ಲಿರುವ ಕೊಕ್ಕೆ. ಆನೆ ಕೆಟ್ಟದ್ದೆಂದು ಈ ಪದ ಹೇಳುತ್ತಿಲ್ಲ, ತಡೆಯುವ ಸಾಧನ ಇಲ್ಲವೆಂದಷ್ಟೇ ಹೇಳುತ್ತಿದೆ. ಹಾಗಾಗಿ ಇದನ್ನು ಬರೆಯುವವರು ಕೊಕ್ಕೆ ಯಾವುದಿತ್ತೆಂದೂ ಹೇಳಬೇಕು: ಕೋರ್ಟೋ, ಶಾಸನಸಭೆಯೋ, ಪತ್ರಿಕೆಯೋ, ಚುನಾವಣೆಯೋ? ಹೇಳಲಾಗದಿದ್ದರೆ ಬೇರೆ ಪದ ಹುಡುಕುವುದು ಒಳ್ಳೆಯದು. ‘ಪ್ರಭುತ್ವ’ ಜೊತೆಗಿಲ್ಲದಿದ್ದರೆ ಇದು ಹೊಗಳಿಕೆಯೂ ಆಗುತ್ತದೆ. ‘ನಿರಂಕುಶಾಃ ಕವಯಃ’ ಎಂಬ ಸಂಸ್ಕೃತದ ಮಾತು ಕವಿಗಳಿಗೆ ರಿಯಾಯಿತಿ ಕೊಡುತ್ತದೆ. ಕುವೆಂಪು ಯುವಕರಿಗೆ ಹೇಳಿದ್ದೂ ನಿರಂಕುಶಮತಿಗಳಾಗಿ ಎಂದೇ.

ತುಘಲಕ್ ದರ್ಬಾರು ಕ್ರೌರ್ಯದ ದೂರಲ್ಲ, ಹುಚ್ಚಾಟದ ದೂರು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ, ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ತಂದ, ಆಮೇಲೆ ಎರಡೂ ವಾಪಸ್. ಲಾಠಿ ಚಾರ್ಜಿಗೆ ಈ ಪದ ಹೊಂದುವುದಿಲ್ಲ. ಬೆಳಿಗ್ಗೆ ಹೊರಡಿಸಿ ಸಂಜೆ ಹಿಂಪಡೆದ ಆದೇಶಕ್ಕೆ ಚೆನ್ನಾಗಿ ಹೊಂದುತ್ತದೆ. ದರ್ಬಾರಿಗೆ ಮಾತ್ರ ತನ್ನದೇ ದೋಷವಿಲ್ಲ. ದಸರೆಯ ಖಾಸಗಿ ದರ್ಬಾರಿನಲ್ಲಿ ಅದು ಘನವಾಗಿಯೇ ಇದೆ. ಹಿಂದೆ ‘ಗೂಂಡಾ’, ‘ಹಂದಿಗಳ’ ಎಂದು ಸೇರಿದಾಗಲೇ ಕೆಡುವುದು.

‘ತುರ್ತು ಪರಿಸ್ಥಿತಿ’ ಬೈಗುಳವಾಗುವ ಮೊದಲು ಕಾನೂನಿನ ಪದ. ಸಂವಿಧಾನದ 352ನೇ ವಿಧಿಯ ಪ್ರಕಾರ ಅದನ್ನು ಘೋಷಿಸಬೇಕು. 1975ರ ಜೂನ್ 25ರಂದು ಘೋಷಿಸಿದ್ದು 1977ರ ಮಾರ್ಚ್ 21ರವರೆಗೆ ಇತ್ತು. ‘ಅಘೋಷಿತ ತುರ್ತು ಪರಿಸ್ಥಿತಿ’ ಎನ್ನುವುದು ರೂಪಕ ಮಾತ್ರ, ವರದಿಯಲ್ಲಿ ಅದನ್ನು ಹೇಳಿದವರ ಬಾಯಲ್ಲೇ ಇಡಬೇಕು.

ತಲೆಕೆಳಗಾಗಿ ಬಳಕೆಯಾಗುವುದು ‘ಅರಾಜಕತೆ’. ಅತಿಯಾದ ಆಳ್ವಿಕೆಗೆ ಅದನ್ನು ಬರೆಯುತ್ತಾರೆ, ಅರ್ಥ ಮಾತ್ರ ಆಳುವವರೇ ಇಲ್ಲದ ಸ್ಥಿತಿ. ದೊಡ್ಡ ಮೀನು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯವನ್ನು ಕೌಟಿಲ್ಯ ಹೇಳುವುದೂ ದಂಡ, ಎಂದರೆ ಆಳುವವರ ಶಿಕ್ಷೆ, ನಡೆಯದ ಕಡೆಗೇ. ದಂಡ ಅತಿಯಾದರೆ ಅವನ ಬಳಿ ಬೇರೆ ಪದವಿದೆ, ತೀಕ್ಷ್ಣದಂಡ.

ಇನ್ನು ಜುಲುಮೆ. ಅರಬ್ಬಿಯಲ್ಲಿ ಅನ್ಯಾಯ, ನಮ್ಮಲ್ಲಿ ಹೆಚ್ಚಾಗಿ ಬಲವಂತ. ‘ಜುಲುಮೆ ಮಾಡಿ ಊಟಕ್ಕೆ ಕೂರಿಸಿದರು’ ಎಂದು ಪ್ರೀತಿಗೂ ಹೇಳುವುದುಂಟು. ಜುಲ್ಮಾನೆ ಇದರ ತಂಗಿಯಲ್ಲ. ಅದು ಅಪರಾಧ ಎಂಬರ್ಥದ ‘ಜುರ್ಮ್’ನಿಂದ ಹುಟ್ಟಿದ ‘ಜುರ್ಮಾನಾ’, ಬಾಯಿಂದ ಬಾಯಿಗೆ ಬರುವಾಗ ರಕಾರ ಲಕಾರವಾಗಿದೆ.