ಪ್ಲಾಂಕ್ ಸ್ಥಿರಾಂಕದ ಪ್ರಯೋಗ: ಇಳಿಜಾರು ಸರಿ, ವರ್ಕ್ ಫಂಕ್ಷನ್ ಯಾರದು?

ಬಿಎಸ್ಸಿ ಲ್ಯಾಬಿನಲ್ಲಿ ಫೋಟೋಸೆಲ್ ಇಟ್ಟು ಪ್ಲಾಂಕ್ ಸ್ಥಿರಾಂಕ ಅಳೆಯುವ ಪ್ರಯೋಗದಲ್ಲಿ ಕೊನೆಗೆ ಒಂದು ಗ್ರಾಫ್ ಬರುತ್ತದೆ. ಫೋಟೋಸೆಲ್ ಅಂದರೆ ನಿರ್ವಾತದ ಗಾಜಿನ ಬುರುಡೆ; ಬೆಳಕು ಬಿದ್ದಾಗ ಅದರ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ಆನೋಡಿಗೆ ಹೋಗುತ್ತವೆ. ಅಡ್ಡಕ್ಕೆ ಬೆಳಕಿನ ಆವೃತ್ತಿ, ಉದ್ದಕ್ಕೆ ಸ್ಟಾಪಿಂಗ್ ಪೊಟೆನ್ಷಿಯಲ್, ಅಂದರೆ ಆ ಎಲೆಕ್ಟ್ರಾನುಗಳನ್ನು ಪೂರ್ತಿ ತಡೆದು ನಿಲ್ಲಿಸಲು ಬೇಕಾದ ವೋಲ್ಟೇಜ್. ಗೆರೆಯ ಇಳಿಜಾರಿನಿಂದ ಪ್ಲಾಂಕ್ ಸ್ಥಿರಾಂಕ, ಗೆರೆ ಉದ್ದದ ಅಕ್ಷವನ್ನು ಕತ್ತರಿಸುವ ಜಾಗದಿಂದ ಕ್ಯಾಥೋಡಿನ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ) ಎಂದು ರೆಕಾರ್ಡ್ ಬುಕ್ಕಿನಲ್ಲಿ ಬರೆಯುವುದು ರೂಢಿ. ಮೊದಲನೆಯದು ಸರಿ. ಎರಡನೆಯದು ತಪ್ಪು. ಆ ಅಂಕಿ ಕ್ಯಾಥೋಡಿನದಲ್ಲ, ಆನೋಡಿನದು.

ಇದು ಯಾಕೆ ಹೀಗೆ ಅನ್ನುವುದಕ್ಕೆ ಮೊದಲು ರೀಡಿಂಗ್ ಸರಿಯಾಗಿ ಬರಬೇಕಲ್ಲ, ಅಲ್ಲಿಂದ ಶುರು ಮಾಡೋಣ.

ಪಾದರಸದ ದೀಪವನ್ನು ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ನಡುವೆ ಆರಿಸಬೇಡಿ. ಬಿಸಿಯಾದ ದೀಪ ತಣ್ಣಗಾಗುವವರೆಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಅದರಲ್ಲಿ ಅತಿನೇರಳೆ ಬೆಳಕೂ ಇರುವುದರಿಂದ ಬರಿಗಣ್ಣಲ್ಲಿ ನೇರವಾಗಿ ನೋಡಬಾರದು. ದೀಪ ಕಾಯುವಷ್ಟರಲ್ಲಿ ಫೋಟೋಸೆಲ್ಲಿನ ಮುಚ್ಚಳ ಹಾಕಿ, ನ್ಯಾನೊಅಮ್ಮೀಟರನ್ನು ಅತ್ಯಂತ ಸೂಕ್ಷ್ಮ ರೇಂಜಿಗೆ ತಂದು ಸೊನ್ನೆಗೆ ನಿಲ್ಲಿಸಿ. ಈ ಮೀಟರ್ 1 ನ್ಯಾನೊಆಂಪಿಯರ್ ತೋರಿಸಿದರೂ ಸೆಕೆಂಡಿಗೆ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ಹರಿಯುತ್ತಿವೆ ಎಂದರ್ಥ. ಹಾಗಾಗಿ ಅದು ಸೊನ್ನೆ ಅಂದ ಮಾತ್ರಕ್ಕೆ ಎಲೆಕ್ಟ್ರಾನುಗಳೆಲ್ಲ ನಿಂತವು ಎಂದುಕೊಳ್ಳಬೇಡಿ.

ಪಾದರಸದ ಬೆಳಕಿನಲ್ಲಿ ನಮಗೆ ಬೇಕಾದ ಗೆರೆಗಳು, ಅಂದರೆ ನಿರ್ದಿಷ್ಟ ತರಂಗಾಂತರಗಳು, ಐದು: 365.0, 404.7, 435.8, 546.1 ಮತ್ತು 578ರ ಆಸುಪಾಸಿನ ಹಳದಿ ಜೋಡಿ, ಎಲ್ಲವೂ ನ್ಯಾನೊಮೀಟರಿನಲ್ಲಿ. ಒಂದೊಂದಕ್ಕೂ ಅದರದೇ ಫಿಲ್ಟರ್ ಹಾಕಿ, ಆನೋಡಿಗೆ ಋಣ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಕರೆಂಟ್ ಬರೆದುಕೊಳ್ಳಿ. ಸೊನ್ನೆಯಾದ ಕೂಡಲೇ ನಿಲ್ಲಿಸದೆ, ಇನ್ನೂ ಒಂದು ವೋಲ್ಟ್ ಆಚೆವರೆಗೂ ರೀಡಿಂಗ್ ತೆಗೆಯಿರಿ. ಗೊಂದಲದ ಮೂಲವೆಲ್ಲ ಆ ಆಚೆಯ ಭಾಗದಲ್ಲೇ ಕಾಣಿಸುವುದು.

ಅಲ್ಲಿ ಕರೆಂಟ್ ಸೊನ್ನೆ ದಾಟಿ ಋಣಕ್ಕೆ ಇಳಿಯುತ್ತದೆ. ಅದಕ್ಕೆ ಬೇರೆ ಬೇರೆ ಕಾರಣಗಳಿವೆ. ಒಂದು, ಕ್ಯಾಥೋಡಿನ ಮೇಲಿರುವ ಸೀಸಿಯಂ ಕಾಲಕ್ರಮೇಣ ಆವಿಯಾಗಿ ಆನೋಡಿನ ಮೇಲೂ ಕೂತಿರುತ್ತದೆ. ಚದುರಿದ ಬೆಳಕು ಅದಕ್ಕೆ ತಗುಲಿ, ಅಲ್ಲಿಂದಲೂ ಎಲೆಕ್ಟ್ರಾನುಗಳು ಹೊರಟು ಉಲ್ಟಾ ಹರಿಯುತ್ತವೆ. ಇನ್ನೊಂದು, ಗಾಜಿನ ಮೇಲಿನ ಧೂಳು ತೇವದ ಮೂಲಕ ಆಗುವ ಸೋರಿಕೆ. ಇವೆರಡನ್ನು ಬೇರ್ಪಡಿಸಲು ಸುಲಭದ ಉಪಾಯವಿದೆ. ದೀಪವನ್ನು 20 ಸೆಂ.ಮೀ.ನಿಂದ 40 ಸೆಂ.ಮೀ.ಗೆ ಸರಿಸಿ. ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆನೋಡಿನಿಂದ ಬರುವ ಕರೆಂಟೂ ಬೆಳಕಿಗೆ ತಕ್ಕಂತೆ ಇಳಿಯುವುದರಿಂದ ಸೊನ್ನೆ ದಾಟುವ ಬಿಂದು ಅಲುಗುವುದಿಲ್ಲ. ಸೋರಿಕೆಗೆ ಬೆಳಕಿನ ಹಂಗಿಲ್ಲ. ಅದು ಹಾಗೇ ಉಳಿದು ಸೊನ್ನೆಯ ಬಿಂದುವನ್ನು ಸರಿಸಿಬಿಡುತ್ತದೆ. ಬಿಂದು ಸರಿದರೆ ಮೊದಲು ಫೋಟೋಸೆಲ್ಲಿನ ಬುಡವನ್ನು ಒರೆಸಿ, ಮೀಟರಿನ ಸೊನ್ನೆಯನ್ನು ಮತ್ತೆ ನೋಡಿ.

ಹಳದಿ ಫಿಲ್ಟರಿನಲ್ಲಿ ಬೇರೊಂದು ತೊಂದರೆ. ಎಲೆಕ್ಟ್ರಾನುಗಳ ಗುಂಪಿನಲ್ಲಿ ಅತ್ಯಂತ ಚುರುಕಾದದ್ದೇ ಸ್ಟಾಪಿಂಗ್ ಪೊಟೆನ್ಷಿಯಲನ್ನು ನಿರ್ಧರಿಸುತ್ತದೆ. ಕೋಣೆಯ ಟ್ಯೂಬ್‌ಲೈಟಿನಿಂದ ಒಂದಿಷ್ಟು ನೀಲಿ ಬೆಳಕು ಒಳನುಸುಳಿದರೂ ಸಾಕು, ಹಳದಿಯ ರೀಡಿಂಗ್ ಮೇಲೇರುತ್ತದೆ, ಇಳಿಜಾರು ಚಪ್ಪಟೆಯಾಗುತ್ತದೆ. ಪ್ಲಾಂಕ್ ಸ್ಥಿರಾಂಕ ಕಡಿಮೆ ಬಂದಾಗ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಲೈಟ್ ಆರಿಸಿ, ಫೋಟೋಸೆಲ್ ಮತ್ತು ದೀಪದ ನಡುವೆ ಕಪ್ಪು ಕಾಗದದ ಕೊಳವೆ ಸುತ್ತಿ.

ಎಷ್ಟು ನಿಖರತೆ ಬೇಕು ಅನ್ನುವುದಕ್ಕೂ ಲೆಕ್ಕವಿದೆ. 365.0 ಮತ್ತು 546.1 ಗೆರೆಗಳ ಸ್ಟಾಪಿಂಗ್ ಪೊಟೆನ್ಷಿಯಲುಗಳ ನಡುವಿನ ವ್ಯತ್ಯಾಸ 1.13 ವೋಲ್ಟ್. 404.7 ಮತ್ತು 435.8ರ ನಡುವೆ ಬರೀ 0.22 ವೋಲ್ಟ್. ಪ್ರತಿ ರೀಡಿಂಗಿನಲ್ಲಿ 0.05 ವೋಲ್ಟ್ ತಪ್ಪಾದರೆ, ಮೊದಲ ಜೋಡಿಯಲ್ಲಿ ಹೆಚ್ಚೆಂದರೆ ಶೇ. 9ರಷ್ಟು ದೋಷ, ಎರಡನೆಯದರಲ್ಲಿ ಶೇ. 45. ಅದಕ್ಕೇ ದೂರದೂರದ ಗೆರೆಗಳು ಬೇಕು, 365ರ ಫಿಲ್ಟರ್ ಇಲ್ಲದ ಕಿಟ್ಟಿನಿಂದ ಒಳ್ಳೆಯ ಉತ್ತರ ತೆಗೆಯುವುದು ಕಷ್ಟ. ಎಲ್ಲ ಸರಿಯಿದ್ದರೆ ಇಳಿಜಾರು 4.14 × 10⁻¹⁵ ವೋಲ್ಟ್-ಸೆಕೆಂಡ್ ಹತ್ತಿರ ಬರಬೇಕು. ಅದನ್ನು ಎಲೆಕ್ಟ್ರಾನಿನ ಆವೇಶ 1.602 × 10⁻¹⁹ ಕೂಲಂಬಿನಿಂದ ಗುಣಿಸಿದರೆ 6.63 × 10⁻³⁴ ಜೂಲ್-ಸೆಕೆಂಡ್.

ಈಗ ಆನೋಡಿನ ಪ್ರಶ್ನೆ. ಕ್ಯಾಥೋಡ್ ಮತ್ತು ಆನೋಡ್ ಬೇರೆ ಬೇರೆ ಲೋಹ. ಅವುಗಳನ್ನು ತಂತಿಯಿಂದ ಜೋಡಿಸಿದ ಕೂಡಲೇ, ವೋಲ್ಟ್‌ಮೀಟರ್ ಸೊನ್ನೆ ತೋರಿಸುತ್ತಿದ್ದರೂ, ಎರಡು ಮೇಲ್ಮೈಗಳ ನಡುವಿನ ನಿರ್ವಾತದಲ್ಲಿ ವೋಲ್ಟೇಜ್ ಹುಟ್ಟಿರುತ್ತದೆ. ಇದೇ ಕಾಂಟ್ಯಾಕ್ಟ್ ಪೊಟೆನ್ಷಿಯಲ್. ಎರಡರ ವರ್ಕ್ ಫಂಕ್ಷನ್ನುಗಳ ವ್ಯತ್ಯಾಸದಷ್ಟು ಇರುತ್ತದೆ. ಕ್ಯಾಥೋಡಿನದು 1.9, ಆನೋಡಿನದು 2.5 ಎಲೆಕ್ಟ್ರಾನ್-ವೋಲ್ಟ್ ಎಂದಿಟ್ಟುಕೊಳ್ಳಿ. 435.8ರ ಫೋಟಾನ್, ಅಂದರೆ ಆ ಬೆಳಕಿನ ಒಂದು ಗಂಟು, ತರುವ ಶಕ್ತಿ 2.85. ಹೊರಬಂದ ಎಲೆಕ್ಟ್ರಾನಿಗೆ ಉಳಿಯುವುದು 0.95. ನೀವು ಏನೂ ವೋಲ್ಟೇಜ್ ಕೊಡದಿದ್ದರೂ ದಾರಿಯಲ್ಲಿ 0.6 ವೋಲ್ಟಿನ ತಡೆ ಆಗಲೇ ಇದೆ. ಹೀಗಾಗಿ ನೀವು ಬರೀ 0.35 ವೋಲ್ಟ್ ಕೊಟ್ಟರೆ ಅದು ನಿಂತುಬಿಡುತ್ತದೆ. 0.35 ಅಂದರೆ 2.85ರಲ್ಲಿ 2.5 ಕಳೆದದ್ದು. ಕ್ಯಾಥೋಡಿನ 1.9 ಲೆಕ್ಕದಿಂದ ಪೂರ್ತಿ ಹೊರಟೇಹೋಯಿತು! ಎಲ್ಲ ಬಣ್ಣಗಳಿಗೂ ಈ 0.6 ಒಂದೇ ಆದ್ದರಿಂದ ಗೆರೆ ಇಡಿಯಾಗಿ ಕೆಳಗೆ ಸರಿಯುತ್ತದೆ, ಇಳಿಜಾರು ಮಾತ್ರ ಹಾಗೇ ಇರುತ್ತದೆ.

ಕ್ಯಾಥೋಡಿನದೇ ವರ್ಕ್ ಫಂಕ್ಷನ್ ಬೇಕಿದ್ದರೆ ಆನೋಡಿಗೆ ಧನ ವೋಲ್ಟೇಜ್ ಕೊಟ್ಟು, ಕರೆಂಟ್ ಹೊರಡಿಸಬಲ್ಲ ಅತ್ಯಂತ ಉದ್ದದ ತರಂಗಾಂತರ ಯಾವುದೆಂದು ಹುಡುಕಬೇಕು.

ರಾಬರ್ಟ್ ಮಿಲಿಕನ್ ಶಿಕಾಗೋದಲ್ಲಿ ಮಾಡಿ 1916ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಇಷ್ಟೂ ಸಂಗತಿಗಳಿಗೆ ಉತ್ತರವಿದೆ, ಅದನ್ನು ನೆನೆದಾಗೆಲ್ಲ ಬೆರಗಾಗುತ್ತದೆ. ಸೋಡಿಯಂ, ಲಿಥಿಯಂ ಗಾಳಿಗೆ ಕ್ಷಣದಲ್ಲಿ ಕೆಡುತ್ತವೆ. ಅದಕ್ಕೆ ನಿರ್ವಾತದ ಒಳಗೇ, ಹೊರಗಿನಿಂದ ವಿದ್ಯುತ್ಕಾಂತದಿಂದ ಆಡಿಸುವ ಚಾಕುವಿನಿಂದ ಮೇಲ್ಮೈ ಹೆರೆದರು. ಉಲ್ಟಾ ಕರೆಂಟ್ ಬರದಿರಲೆಂದು ಎಲೆಕ್ಟ್ರಾನ್ ಹಿಡಿಯಲು ಆಕ್ಸೈಡ್ ಕಟ್ಟಿದ ತಾಮ್ರದ ಜಾಲರಿ ಬಳಸಿದರು. ಕಾಂಟ್ಯಾಕ್ಟ್ ಪೊಟೆನ್ಷಿಯಲನ್ನು ಪ್ರತ್ಯೇಕವಾಗಿ ಅಳೆದರು. ಅವರಿಗೆ ಸಿಕ್ಕಿದ್ದು ಇಂದಿನ ಮಾನದಲ್ಲಿ 6.57 × 10⁻³⁴. ಈಗಿನ ಬೆಲೆಗಿಂತ ಶೇ. 1ಕ್ಕೂ ಕಡಿಮೆ ವ್ಯತ್ಯಾಸ. ಐನ್‌ಸ್ಟೈನರ 1905ರ ಸಮೀಕರಣ (ಫೋಟಾನಿನ ಶಕ್ತಿಯಲ್ಲಿ ವರ್ಕ್ ಫಂಕ್ಷನ್ ಕಳೆದರೆ ಎಲೆಕ್ಟ್ರಾನಿಗೆ ಉಳಿಯುವ ಶಕ್ತಿ) ಸರಿಯೆಂದು ತೋರಿಸಿದ ಮೇಲೂ, ಬೆಳಕು ಕಣ ಎಂಬುದನ್ನು ಅವರು ಆಗ ಒಪ್ಪಿರಲಿಲ್ಲ.

ಅದಕ್ಕೆ ಕಾರಣ ಅದೇ ಗ್ರಾಫಿನಲ್ಲಿದೆ. ಅಡ್ಡ ಅಕ್ಷದ ಅಂಕಿಗಳು ಬಂದದ್ದು ತರಂಗದಿಂದ: ಮಿಲಿಮೀಟರಿಗೆ 600 ಗೆರೆ ಕೊರೆದು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗಿನಲ್ಲಿ 435.8ರ ನೀಲಿ 15.2 ಡಿಗ್ರಿಯಲ್ಲಿ ಕಾಣುತ್ತದೆ, ವ್ಯತಿಕರಣವಿಲ್ಲದೆ (ಅಲೆಗಳು ಒಂದರ ಮೇಲೊಂದು ಬಿದ್ದು ಕೂಡುವುದು, ಅಳಿಸುವುದು ಇಲ್ಲದೆ) ಆ ಕೋನಕ್ಕೆ ಅರ್ಥವೇ ಇಲ್ಲ. ಉದ್ದದ ಅಕ್ಷದ ಅಂಕಿಗಳು ಬಂದದ್ದು ಒಂದೊಂದು ಎಲೆಕ್ಟ್ರಾನಿಗೆ ಒಂದೊಂದು ಗಂಟಾಗಿ ಸಿಕ್ಕ ಶಕ್ತಿಯಿಂದ. ತರಂಗ, ಕಣ ಎಂಬ ದ್ವಿಸ್ವಭಾವದ ಎರಡೂ ಮುಖಗಳನ್ನು ಆ ಇಳಿಜಾರು ಒಂದೇ ಸಂಖ್ಯೆಯಲ್ಲಿ ಬೆಸೆಯುತ್ತದೆ. ಎಲೆಕ್ಟ್ರಾನಿಗೂ ಇದೇ ನಿಯಮ: 1927ರಲ್ಲಿ ಡೇವಿಸನ್ ಮತ್ತು ಜರ್ಮರ್ 54 ವೋಲ್ಟಿನ ಎಲೆಕ್ಟ್ರಾನುಗಳನ್ನು ನಿಕ್ಕಲ್ ಹರಳಿಗೆ ಹಾಯಿಸಿದಾಗ ಸಿಕ್ಕ ತರಂಗಾಂತರ 0.165 ನ್ಯಾನೊಮೀಟರ್, ಕಣದ ಸಂವೇಗದಿಂದ ತರಂಗಾಂತರ ಕೊಡುವ ಡಿ ಬ್ರಾಯ್ ಸೂತ್ರ ಹೇಳುವುದು 0.167.

ವೈವಾದಲ್ಲಿ ‘ಫೋಟಾನ್ ಇದೆ ಎಂಬುದಕ್ಕೆ ಇದೇ ಪುರಾವೆಯೇ?’ ಎಂದು ಕೇಳಿದರೆ ಎಚ್ಚರದಿಂದ ಉತ್ತರಿಸಿ. ಲೋಹವನ್ನು ಕ್ವಾಂಟಂ ನಿಯಮದಂತೆ ಲೆಕ್ಕ ಹಾಕಿ, ಬೆಳಕನ್ನು ಹಳೆಯ ತರಂಗವಾಗಿಯೇ ಇಟ್ಟರೂ ಐನ್‌ಸ್ಟೈನ್ ಸಮೀಕರಣ ಹೊರಡುತ್ತದೆ. ನೇರ ಪುರಾವೆ ಎಂದರೆ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ 1986ರಲ್ಲಿ ಪ್ರಕಟಿಸಿದ ಪ್ರಯೋಗ. ಕ್ಯಾಲ್ಸಿಯಂ ಪರಮಾಣು ಒಂದರ ಹಿಂದೆ ಒಂದಾಗಿ ಎರಡು ಫೋಟಾನ್ ಬಿಡುತ್ತದೆ. ಮೊದಲನೆಯದು ಸೂಚನೆ ಕೊಟ್ಟಾಗ ಎರಡನೆಯದನ್ನು ಅರೆಗನ್ನಡಿಯ ಮೇಲೆ ಬೀಳಿಸಿದರು. ತರಂಗವಾಗಿದ್ದರೆ ಎರಡೂ ಕಡೆಯ ಡಿಟೆಕ್ಟರುಗಳು ಒಟ್ಟಿಗೆ ಎಷ್ಟು ಸಲ ಮಿಡಿಯಬೇಕಿತ್ತೋ, ಅದಕ್ಕಿಂತ ತೀರಾ ಕಡಿಮೆ ಸಲ ಮಿಡಿದವು. ಅದೇ ಮೂಲದ ಒಂಟಿ ಫೋಟಾನುಗಳನ್ನು ಎರಡು ದಾರಿಯ ಇಂಟರ್‌ಫೆರೋಮೀಟರಿಗೆ ಬಿಟ್ಟಾಗ ವ್ಯತಿಕರಣದ ಪಟ್ಟೆಗಳೂ ಬಂದವು, ಶೇ. 98ಕ್ಕೂ ಮಿಗಿಲಾದ ಸ್ಪಷ್ಟತೆಯಲ್ಲಿ.