ಚೆಲ್ಲೋ ಮಕ್ಕಳಿಗೆ ಮಲಹರಿ

ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಈ ಸಲ ಮಕ್ಕಳ ಕೈಲಿ ಮಲಹರಿ ರಾಗದ ಒಂದು ಪಿಳ್ಳಾರಿ ಗೀತೆ (ಕರ್ನಾಟಕ ಸಂಗೀತ ಕಲಿಯುವವರ ಮೊದಲ ಪಾಠದ ಹಾಡು) ನುಡಿಸೋಣ ಎಂದು ತೀರ್ಮಾನವಾಯಿತು. ಇಲ್ಲಿ ಇಂಗ್ಲೆಂಡಿನಲ್ಲೇ ಬೆಳೆದ ಮಕ್ಕಳು. ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು, ವಯೋಲ, ಚೆಲ್ಲೋ ನುಡಿಸುತ್ತಾರೆ. ಸರಿಗಮ ಬರೆದುಕೊಟ್ಟರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಐದು ಗೆರೆಯ ಸ್ಟಾಫ್ ನೊಟೇಶನ್ ಕೊಟ್ಟರೆ ಸರಾಗವಾಗಿ ಓದುತ್ತಾರೆ. ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು.

ಷಡ್ಜವನ್ನು ಡಿಗೆ ಇಟ್ಟುಕೊಂಡೆ. ಮೂರೂ ವಾದ್ಯಗಳಲ್ಲಿ ಡಿ ಮತ್ತು ಎ ತಂತಿಗಳಿವೆ, ಹಾಗಾಗಿ ಸ-ಪ ಬೆರಳಿಡದೆ ಸಿಗುತ್ತದೆ. ಮಲಹರಿ 15ನೇ ಮೇಳ (ಏಳು ಸ್ವರಗಳ ಮೂಲ ರಾಗ) ಮಾಯಾಮಾಳವಗೌಳದಿಂದ ಹುಟ್ಟಿದ ಜನ್ಯ ರಾಗ. ರಿಷಭ ಇ ಫ್ಲ್ಯಾಟ್ (ಅರ್ಧ ಸ್ವರ ಇಳಿಸಿದ ಇ), ಗಾಂಧಾರ ಎಫ್ ಶಾರ್ಪ್ (ಅರ್ಧ ಸ್ವರ ಏರಿಸಿದ ಎಫ್), ಧೈವತ ಬಿ ಫ್ಲ್ಯಾಟ್. ನಿಷಾದ ಇಲ್ಲವೇ ಇಲ್ಲ. ಅಂದರೆ ಸಾಲಿನ ಮೊದಲಲ್ಲೇ ಈ ಚಿಹ್ನೆಗಳನ್ನು ಬರೆಯುವ ಕೀ ಸಿಗ್ನೇಚರ್‌ನಲ್ಲಿ ಒಂದು ಶಾರ್ಪ್, ಎರಡು ಫ್ಲ್ಯಾಟ್ ಒಟ್ಟಿಗೆ ಕೂರಬೇಕು. ಮಾಮೂಲಿ ಸಿಗ್ನೇಚರ್‌ಗಳಲ್ಲಿ ಶಾರ್ಪ್ ಇದ್ದರೆ ಬರೀ ಶಾರ್ಪ್, ಫ್ಲ್ಯಾಟ್ ಇದ್ದರೆ ಬರೀ ಫ್ಲ್ಯಾಟ್. ನಮ್ಮ 72 ಮೇಳಗಳಲ್ಲಿ ಆ ಲೆಕ್ಕಕ್ಕೆ ಒಗ್ಗುವುದು 6 ಮಾತ್ರ: ತೋಡಿ, ನಠಭೈರವಿ, ಖರಹರಪ್ರಿಯ, ಹರಿಕಾಂಭೋಜಿ, ಶಂಕರಾಭರಣ, ಕಲ್ಯಾಣಿ. ಉಳಿದ 66ಕ್ಕೆ ನಾವೇ ಕಟ್ಟಿಕೊಳ್ಳಬೇಕು. ಕನಕಾಂಗಿ ಮೇಳದ ತಂಟೆಗಂತೂ ಹೋಗಬೇಡಿ, ಷಡ್ಜವನ್ನು ಸಿಗೆ ಇಟ್ಟರೆ ಅದಕ್ಕೆ ಡಬಲ್ ಫ್ಲ್ಯಾಟೇ ಬೇಕು!

ನಾನು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಬೇಕಾದ ಚಿಹ್ನೆಗಳನ್ನು ಎಳೆದು ತಂದು ಹೊಸ ಸಿಗ್ನೇಚರ್ ಮಾಡಬಹುದು. ಪಿಟೀಲಿನ ಸಾಲಿನಲ್ಲಿ ಚೆನ್ನಾಗೇ ಬಂತು. ಕೆಳಗಿನ ಸಾಲುಗಳನ್ನು ನೋಡಿದರೆ ಎಡವಟ್ಟು. ಯಾವ ಗೆರೆ ಯಾವ ಸ್ವರ ಎಂದು ಹೇಳುವ ಕ್ಲೆಫ್ ಬದಲಾದರೂ ಚಿಹ್ನೆಗಳು ಅದದೇ ಗೆರೆಯ ಮೇಲೆ ಕೂತಿವೆ. ಪಿಟೀಲಿಗೆ ಮೇಲಿನ ಗೆರೆ ಎಫ್, ಆದರೆ ವಯೋಲಕ್ಕೆ ಅದು ಜಿ. ಹಾಗಾಗಿ ವಯೋಲದ ಜಿ, ಅಂದರೆ ಶುದ್ಧ ಮಧ್ಯಮ, ಅರ್ಧ ಸ್ವರ ಏರಿ ಪ್ರತಿಮಧ್ಯಮವಾಯಿತು. ಚೆಲ್ಲೋಗೆ ಆ ಗೆರೆ ಎ. ಅಲ್ಲಿ ಪಂಚಮವೇ ಶಾರ್ಪ್! ಅಲುಗಾಡಬಾರದ ಸ್ವರವನ್ನೇ ಅಲುಗಾಡಿಸಿಬಿಟ್ಟಿತ್ತು.

ಕೊನೆಗೆ ಲಿಲಿಪಾಂಡ್ ಎಂಬ ಇನ್ನೊಂದು ನೊಟೇಶನ್ ಸಾಫ್ಟ್‌ವೇರ್ ಹಿಡಿದೆ. ಅದರಲ್ಲಿ ಎಳೆಯುವುದು, ಬಿಡುವುದು ಏನೂ ಇಲ್ಲ, ಎಲ್ಲ ಟೈಪ್ ಮಾಡಬೇಕು. ಸ್ವರಗಳಿಗೆ ಡಚ್ ಹೆಸರು ಬೇರೆ: ಫಿಸ್, ಬೆಸ್, ಎಸ್. ಆದರೆ ಏಳು ಸ್ವರಗಳಲ್ಲಿ ಯಾವುದು ಎಷ್ಟು ಇಳಿಯಬೇಕು ಎಂದು ಒಮ್ಮೆ ಹೇಳಿ, ಅದಕ್ಕೊಂದು ಹೆಸರಿಟ್ಟರೆ ಮುಗಿಯಿತು. ಯಾವ ಶ್ರುತಿಗೆ ಬೇಕಾದರೂ, ಯಾವ ಕ್ಲೆಫ್‌ಗೆ ಬೇಕಾದರೂ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಕೈಪಿಡಿಯಲ್ಲಿ ಉದಾಹರಣೆಗೆ ಕೊಟ್ಟಿರುವುದು ಯಹೂದಿಗಳ ಕ್ಲೆಜ್ಮರ್ ಸಂಗೀತದ ಫ್ರೈಗಿಶ್ ಎಂಬ ಸ್ಕೇಲ್. ನಮ್ಮ ವಕುಳಾಭರಣ ಮೇಳದ ಸ್ವರಗಳೇ! ಡಿಗೆ ಇಟ್ಟರೆ ಅದಕ್ಕೂ ಇದೇ ಮೂರು ಚಿಹ್ನೆ. ಅದನ್ನೇ ಎತ್ತಿಕೊಂಡು ‘ಮಲಹರಿ’ ಎಂದು ಹೆಸರು ಬದಲಿಸಿದೆ.

ಮಕ್ಕಳ ಚೆಲ್ಲೋ ಟೀಚರ್ ಹಾಳೆ ನೋಡಿ, “ಪ್ರಿಂಟ್ ತಪ್ಪಾಗಿದೆಯಾ?” ಎಂದರು. ಜಿಯೇ ಆಧಾರ ಸ್ವರವಾದ ಪಾಶ್ಚಾತ್ಯ ಸ್ಕೇಲ್ ಜಿ ಮೈನರ್‌ನ ಎರಡು ಫ್ಲ್ಯಾಟ್ ಹಾಕಿ, ಎಫ್ ಶಾರ್ಪನ್ನು ಬಂದಲ್ಲಿ ಬರೆದರೆ ಸಾಲದೇ ಎಂಬುದು ಅವರ ಪ್ರಶ್ನೆ. ಓದಲು ಅದೇ ಸುಲಭ, ಒಪ್ಪುತ್ತೇನೆ. ಹಾಗಾಗಿ ಎರಡೂ ಥರ ಮುದ್ರಿಸಿ ತಾಲೀಮಿಗೆ ಒಯ್ದೆ. ಜಿ ಮೈನರ್ ಹಾಳೆಯಲ್ಲಿ ಮಕ್ಕಳು ಒಂದು ಸ್ವರವನ್ನೂ ತಪ್ಪಲಿಲ್ಲ. ಆದರೆ ಕೊನೆಗೆ ಡಿ ಮೇಲೆ ನಿಂತಾಗ ಒಬ್ಬ ಹುಡುಗ, “ಅಂಕಲ್, ಇನ್ನೂ ಮುಗಿದಿಲ್ಲ ಅಲ್ವಾ?” ಎಂದ. ಅವನ ಕಿವಿ ಜಿಗಾಗಿ ಕಾಯುತ್ತಿತ್ತು. ಮಧ್ಯಮವನ್ನೇ ಷಡ್ಜ ಮಾಡಿಕೊಂಡಿದ್ದ, ಪಾಪ.

ಆಮೇಲೆ ಫೋನಿನಲ್ಲಿ ತಂಬೂರಿ ಹಾಕಿ, ಮೂರು ಚಿಹ್ನೆಯ ಹಾಳೆ ಕೊಟ್ಟೆ. ಈಗ ಡಿ ಮೇಲೆ ಆರಾಮಾಗಿ ನಿಂತರು. ಜಾಸ್ತಿ ಪಾಲು ತಂಬೂರಿಯದ್ದೇ ಇರಬಹುದು. ಆದರೂ ಸಿಗ್ನೇಚರ್ ನೋಡಿದ ಕೂಡಲೇ ‘ಇದು ಜಿ ಮೈನರ್ ಅಲ್ಲ’ ಎಂದು ಗೊತ್ತಾಗಬೇಕು, ನನಗೆ ಅದೇ ಮುಖ್ಯ. ಟೀಚರ್ ಒಂದು ಷರತ್ತು ಹಾಕಿದರು: ಮೊದಲ ಸಾಲಿನಲ್ಲಿ ಪ್ರತಿ ಸ್ವರದ ಪಕ್ಕ ಚಿಹ್ನೆಯನ್ನು ಆವರಣದಲ್ಲಿ ಬರೆಯಬೇಕು. ಬರೆದುಕೊಟ್ಟೆ.

ಯುಗಾದಿಗೆ ಭೈರವಿ ರಾಗ ಬೇಕಂತೆ. ಅದರಲ್ಲಿ ಎರಡು ಧೈವತ, ಯಾವ ಸಿಗ್ನೇಚರ್‌ಗೂ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. ಅದಕ್ಕೆ ಡಿ ಮೈನರ್‌ನ ಒಂದೇ ಫ್ಲ್ಯಾಟ್ ಇಟ್ಟು, ಆರೋಹಣದಲ್ಲಿ ಬಿ ನ್ಯಾಚುರಲ್ (ಫ್ಲ್ಯಾಟ್ ಇಲ್ಲದ ಬಿ) ಬರೆಯುತ್ತೇನೆ.